ಅವಳ ಸಾಲಿನ ನಕ್ಷತ್ರಗಳು

ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ಇಂಗ್ಲಿಷ್ ಸಾಲು ಕನ್ಸೋಲಿನ ಮೇಲೆ ಮೂಡಿತೆಂದರೆ ನಾನು ಕುರ್ಚಿ ಬಿಟ್ಟು ಏಳುತ್ತಿದ್ದೆ. ಒಮ್ಮೆ ಹೇಳಿ ಸುಮ್ಮನಾಗುವ ಸ್ವಭಾವ ಆ ಮೆಷಿನ್ನಿಗೆ ಇರಲಿಲ್ಲ. ಪರದೆ ತುಂಬುವ ತನಕ ಅದನ್ನೇ ಹೇಳುತ್ತಿತ್ತು. ಅಷ್ಟರಲ್ಲಿ ಆಪರೇಟರುಗಳ ಹಾಲಿನಿಂದ ಯಾರಾದರೂ ಕೂಗುವುದು ಖಂಡಿತ.

"ಸರ್, ಮಾರ್ಕ್ಸ್ ಸೇವ್ ಆಗುವುದಿಲ್ಲ ಮಾರಾಯ್ರೆ! ಅರ್ಧ ಗಂಟೆಯಿಂದ ಹೊಡೆದದ್ದೆಲ್ಲ ಹೋಯ್ತು!"

ಇದು ಎಂಬತ್ತರ ದಶಕದ ನಡುವಿನ ಮಾತು. ಕದ್ರಿಯ ಏರಿನಲ್ಲಿ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ಸೆಂಟರ್ ಇತ್ತು. ಸುತ್ತಮುತ್ತಲ ಕಾಲೇಜುಗಳಿಗೆ ಹಾಲ್ ಟಿಕೆಟ್, ಅಂಕಪಟ್ಟಿ, ರ್‍ಯಾಂಕ್ ಪಟ್ಟಿ ತಯಾರಿಸಿ ಕೊಡುವುದು ನಮ್ಮ ಕೆಲಸ. ಒಂದು ಯುನಿಕ್ಸ್ ಮೆಷಿನ್, ಆರು ಟರ್ಮಿನಲ್, ಕಿವಿ ಕಿತ್ತುಹೋಗುವಷ್ಟು ಸದ್ದು ಮಾಡುವ ಒಂದು ಲೈನ್ ಪ್ರಿಂಟರ್. ಏಸಿ ಮೆಷಿನ್ನಿನ ಕೋಣೆಗೆ ಮಾತ್ರ, ಮನುಷ್ಯರಿಗಲ್ಲ. ಇಡೀ ಸೆಂಟರಿಗೆ ಇದ್ದ ಡಿಸ್ಕ್ ಎಂಬತ್ತು ಮೆಗಾಬೈಟಿನದು. ಈಗಿನವರು ಕೇಳಿದರೆ ನಗುತ್ತಾರೆ. ಆಗ ಅದು ತುಂಬಿದರೆ ನಗು ಬರುತ್ತಿರಲಿಲ್ಲ, ಯಾಕೆಂದರೆ ಪರೀಕ್ಷೆಯ ಕಾಲದಲ್ಲಿ ಅದು ವಾರಕ್ಕೆ ಎರಡು ಸಲ ತುಂಬುತ್ತಿತ್ತು. ಮೆಷಿನ್ನಿನ ಉಸ್ತುವಾರಿ ನನ್ನದು. ಆದ್ದರಿಂದ ಬೈಗುಳವೂ ನನ್ನದೇ.

ಮಾಡಬೇಕಾದ ಕೆಲಸ ಸರಳವಾಗಿಯೇ ಇತ್ತು. ಡಿಎಫ್ ಎಂಬ ಆಜ್ಞೆ ಕೊಟ್ಟರೆ ಡಿಸ್ಕಿನಲ್ಲಿ ಒಟ್ಟು ಎಷ್ಟು ಜಾಗ ಉಳಿದಿದೆ ಎಂದು ತಿಳಿಯುತ್ತಿತ್ತು. ಡಿಯು ಎಂಬ ಇನ್ನೊಂದು ಆಜ್ಞೆ ಪ್ರತಿಯೊಂದು ಡೈರೆಕ್ಟರಿ, ಅಂದರೆ ಈಗ ಫೋಲ್ಡರ್ ಎನ್ನುವುದು, ಎಷ್ಟು ಜಾಗ ತಿಂದಿದೆ ಎಂದು ಹೇಳುತ್ತಿತ್ತು. ಹೇಳುತ್ತಿತ್ತು ಎಂದರೆ, ಎಡಕ್ಕೊಂದು ಸಂಖ್ಯೆ, ಬಲಕ್ಕೊಂದು ಹೆಸರು, ಹೀಗೆ ಹದಿನೈದು ಪುಟ. ನಾನು ಆ ಪುಟಗಳನ್ನು ಹಿಡಿದು ಮೇಜಿನಿಂದ ಮೇಜಿಗೆ ಹೋಗಿ ಬೇಡದ್ದನ್ನು ಅಳಿಸಿ ಎಂದು ಅಂಗಲಾಚುತ್ತಿದ್ದೆ. ಎಲ್ಲರದೂ ಒಂದೇ ಉತ್ತರ: "ಇರ್ಲಿ ಸರ್, ಬೇಕಾಗ್ತದೆ." ಎರಡು ವರ್ಷ ಹಿಂದಿನ ಹಾಲ್ ಟಿಕೆಟ್ ಯಾರಿಗೆ ಬೇಕಾಗುತ್ತದೆ ಎಂದು ಕೇಳಿದರೆ, ಹಿರಿಯ ಆಪರೇಟರ್ ಒಬ್ಬರು ಕನ್ನಡಕ ಮೇಲೆ ಸರಿಸಿ, "ನಿಮ್ಮ ಮನೆಯ ಅಟ್ಟದಲ್ಲಿ ಎಂತೆಲ್ಲ ಉಂಟು, ನೀವು ಮೊದಲು ಹೇಳಿ," ಎಂದರು. ನಾನು ಪುಟಗಳನ್ನು ಮಡಚಿಕೊಂಡು ವಾಪಸ್ ಬಂದೆ.

ನಮ್ಮ ಮ್ಯಾನೇಜರ್ ಗುತ್ತಿನ ಮನೆಯವರು, ಎಂದರೆ ಹಳೆಯ ಜಮೀನುದಾರಿ ಮನೆತನದವರು. ಹಿಂದೆ ಗೇಣಿಗೆ ಕೊಟ್ಟ ಭೂಮಿಯೆಲ್ಲ ಹೋಗಿ, ಕುಟುಂಬದವರು ಹೋಟೆಲು ವ್ಯಾಪಾರ ಎಂದು ಚದುರಿದ ಮೇಲೆ ಇವರು ಈ ಸೆಂಟರಿಗೆ ಬಂದಿದ್ದರು. ಕೆಟ್ಟವರಲ್ಲ. ಆದರೆ ಕಂಪ್ಯೂಟರಿನಲ್ಲಿ ಅವರಿಗೆ ಅರ್ಥವಾಗುವುದು ಏನಿದ್ದರೂ ಗದ್ದೆಯ ಲೆಕ್ಕದಲ್ಲಿ. ಒಂದು ದಿನ ನನ್ನ ಹದಿನೈದು ಪುಟವನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿದರು.

"ಇದು ಎಂತ ಮಾರಾಯ, ಲಾಟರಿ ನಂಬರಾ? ಯಾರ ಗದ್ದೆ ಎಷ್ಟು ಉದ್ದ ಉಂಟು ಹೇಳಿ ಒಂದು ನಕ್ಷೆ ಮಾಡಿ ಕೊಡು. ನಮ್ಮಲ್ಲಿ ತಗಾದೆ ಬಂದ್ರೆ ಮೊದಲು ಸರ್ವೆಯವನನ್ನು ಕರೀತೇವೆ. ಆಮೇಲೆ ಮಾತು."

ಆ ಮಾತು ನನಗೆ ಹಿಡಿಸಿತು. ಡಿಯು ಕೊಡುವ ಸಂಖ್ಯೆಗಳನ್ನು ಆಕ್ ಎಂಬ ಪುಟ್ಟ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ ಕೊಟ್ಟು, ಪ್ರತಿ ಹೆಸರಿನ ಮುಂದೆ ಅಷ್ಟಷ್ಟು ನಕ್ಷತ್ರಚಿಹ್ನೆ ಹೊಡೆಸುವುದು ಎಂದುಕೊಂಡೆ. ಅರ್ಧ ದಿನದ ಕೆಲಸ ಎಂದು ಹೊರಟದ್ದು ಎರಡು ವಾರ ಹಿಡಿಯಿತು. ಮೊದಲ ನಕ್ಷೆಯಲ್ಲಿ ಎಲ್ಲವನ್ನೂ ಕೂಡಿದರೆ ಡಿಸ್ಕಿಗಿಂತ ದೊಡ್ಡ ಮೊತ್ತ ಬಂತು. ಒಳಗಿನ ಡೈರೆಕ್ಟರಿಯ ಲೆಕ್ಕ ಹೊರಗಿನದರಲ್ಲೂ ಸೇರಿರುತ್ತದೆ ಎಂಬುದನ್ನು ನಾನು ಮರೆತಿದ್ದೆ. ಅದನ್ನು ಸರಿಮಾಡಿದರೆ, ಉದ್ದದ ಸಾಲುಗಳು ಪ್ರಿಂಟರಿನ ನೂರಮೂವತ್ತೆರಡು ಅಕ್ಷರದ ಅಗಲ ಮೀರಿ ಕೆಳಗಿನ ಸಾಲಿಗೆ ಇಳಿದು ಪಕ್ಕದವನ ನಕ್ಷತ್ರದಂತೆ ಕಂಡವು. ಕೊನೆಗೆ ಐನೂರು ಬ್ಲಾಕಿಗೆ, ಎಂದರೆ ಕಾಲು ಮೆಗಾಬೈಟಿಗೆ, ಒಂದು ನಕ್ಷತ್ರ ಎಂದು ನಿಗದಿ ಮಾಡಿದೆ. ಒಳಗಿನ ಡೈರೆಕ್ಟರಿಗಳನ್ನು ಬಿಟ್ಟು ಒಬ್ಬರಿಗೆ ಒಂದೇ ಸಾಲು ಕೊಟ್ಟೆ. ನಕ್ಷೆ ಒಂದೇ ಪುಟಕ್ಕೆ ಬಂತು.

ಮ್ಯಾನೇಜರ್ ಅದನ್ನು ಹಾಲಿನ ಬೋರ್ಡಿಗೆ ಅಂಟಿಸಿದರು. ಪ್ರತಿ ಬೆಳಿಗ್ಗೆ ಹೊಸದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಮೊದಲ ದಿನ ಎಲ್ಲರೂ ಅದರ ಮುಂದೆ ನಿಂತು ಮಾಡಿದ್ದು ಅದನ್ನೇ. ಎಷ್ಟು ಅಂಗಲಾಚಿದರೂ ಅಳಿಸದವರು ನಕ್ಷತ್ರ ಕಂಡೊಡನೆ ಅಳಿಸಲು ಶುರುಮಾಡಿದರು. ಅಟ್ಟದ ಮಾತು ಆಡಿದ ಹಿರಿಯ ಆಪರೇಟರ್ ಇಪ್ಪತ್ತೊಂಬತ್ತರಿಂದ ಹನ್ನೆರಡಕ್ಕೆ ಇಳಿದರು. ನಾನು ಹನ್ನೊಂದಕ್ಕೆ ಇಳಿದೆ. ಬೋರ್ಡಿನ ಮುಂದೆ ತಮಾಷೆ, ಪಂದ್ಯ, ಚಹಾ. ನನಗೆ ಒಳಗೊಳಗೇ ಬಹಳ ಹೆಮ್ಮೆಯಾಯಿತು. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಆಗಿದ್ದು ನಿಜ.

ಒಂದು ಸಾಲು ಮಾತ್ರ ಇಳಿಯಲೇ ಇಲ್ಲ. ಮೂವತ್ತೆಂಟು ನಕ್ಷತ್ರ.

ಅದು ಹೊಸ ಆಪರೇಟರದು. ಸೇರಿ ಹನ್ನೊಂದು ತಿಂಗಳಾಗಿದ್ದ ಹುಡುಗಿ. ಗಲ್ಫಿಗೆ ಹೋದ ಒಬ್ಬರ ಜಾಗಕ್ಕೆ ಬಂದವಳು, ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದಳು. ಮಾತು ಕಡಿಮೆ, ಬೆರಳು ಚುರುಕು. ಊಟದ ಹೊತ್ತಿನಲ್ಲೂ ಟರ್ಮಿನಲ್ ಬಿಡುತ್ತಿರಲಿಲ್ಲ. ಅವಳ ತಾಯಿ ಮನೆಯಲ್ಲಿ ಬೀಡಿ ಕಟ್ಟುವವರು ಎಂದು ಗೊತ್ತಿತ್ತು. ವರ್ಷ ತುಂಬಿ ಕೆಲಸ ಖಾಯಂ ಆದರೆ ಅಮ್ಮ ಬೀಡಿ ಕಟ್ಟುವುದನ್ನು ಬಿಡುತ್ತಾರೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಹೊಗೆಸೊಪ್ಪಿನ ಹುಡಿಗೆ ತಾಯಿಗೆ ಕೆಮ್ಮು ಹಿಡಿದಿತ್ತಂತೆ. ಖಾಯಂ ಪತ್ರಕ್ಕೆ ಇನ್ನು ಒಂದೇ ತಿಂಗಳು ಇತ್ತು.

ಒಂದು ಗುರುವಾರ ಸಂಜೆ ಮ್ಯಾನೇಜರ್ ಅವಳನ್ನೂ ನನ್ನನ್ನೂ ಕೋಣೆಗೆ ಕರೆದರು. ಬೋರ್ಡಿನ ನಕ್ಷೆ ಅವರ ಮೇಜಿನ ಮೇಲಿತ್ತು.

"ಎಲ್ಲರೂ ಇಳಿಸಿದ್ದಾರೆ. ನಿನ್ನದು ಎಂತಕ್ಕೆ ಇಳಿಯುವುದಿಲ್ಲ? ಮಧ್ಯಾಹ್ನ ಕೂತು ಎಂತ ಹೊಡೆಯುವುದು ನೀನು? ಹೊರಗಿನವರ ಕೆಲಸ ಉಂಟಾ?"

"ಇಲ್ಲ ಸರ್. ಸ್ಪೀಡ್ ಬರ್ಲಿಕ್ಕೆ ಪ್ರಾಕ್ಟೀಸ್ ಮಾಡುವುದು. ನನ್ನದು ಅಂತ ಎಂತದೂ ಇಲ್ಲ ಸರ್. ಆ ಮಾಸ್ಟರ್ ಫೈಲ್ ಒಂದು..."

"ಕತೆ ಬೇಡ." ಮ್ಯಾನೇಜರ್ ನನ್ನ ಕಡೆ ತಿರುಗಿದರು. "ನಿನ್ನ ನಕ್ಷೆ ಸರಿ ಉಂಟಲ್ಲ ಮಾರಾಯ?"

ಬೆಳಗಿನಿಂದ ಎರಡು ಸಲ ಮೆಷಿನ್ ನಿಂತಿತ್ತು. ಮೂರು ಕಾಲೇಜಿನವರು ಬಂದು ಕೂತಿದ್ದರು. ನನಗೆ ಆ ಕೋಣೆಯಿಂದ ಹೊರಗೆ ಹೋದರೆ ಸಾಕಾಗಿತ್ತು. "ಮೆಷಿನ್ ಸುಳ್ಳು ಹೇಳುವುದಿಲ್ಲ ಸರ್," ಎಂದೆ.

ನಾಳೆಯಿಂದ ಬರುವುದು ಬೇಡ, ಖಾಯಂ ಪತ್ರದ ವಿಷಯ ಆಮೇಲೆ ನೋಡುವ ಎಂದು ಅವಳಿಗೆ ಹೇಳಿದರು. ಅವಳು ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.

ಶನಿವಾರ ಅವಳ ಡೈರೆಕ್ಟರಿಯನ್ನು ತೆಗೆದುಹಾಕಲು ನನಗೆ ಹೇಳಿದರು. ಟೇಪಿಗೆ ಒಂದು ಪ್ರತಿ ತೆಗೆದೆ. ಒಳಗೆ ಏನಿದೆ ಎಂದು ನೋಡಲಿಲ್ಲ. ಎಲ್‌ಎಸ್ ಎಂದು ಎರಡಕ್ಷರ ಹೊಡೆದಿದ್ದರೆ ಪಟ್ಟಿ ಪರದೆಗೆ ಬರುತ್ತಿತ್ತು. ಆ ಎರಡಕ್ಷರಕ್ಕೂ ನನ್ನಲ್ಲಿ ಉಸಿರು ಇರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ, ಅವಳ ಡೈರೆಕ್ಟರಿಯಲ್ಲಿ ಹೊರಗಿನವರ ಕೆಲಸ ಯಾವುದೂ ಇಲ್ಲದಿದ್ದರೆ ಏನು ಮಾಡುವುದು ಎಂಬ ಹೆದರಿಕೆಯೂ ಇದ್ದಿರಬೇಕು. ಅಳಿಸುವ ಆಜ್ಞೆ ಕೊಟ್ಟು ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಮೊದಲು ಡಿಎಫ್ ಕೊಟ್ಟು ನೋಡಿದೆ. ಮೂವತ್ತೆಂಟು ನಕ್ಷತ್ರದ ಲೆಕ್ಕಕ್ಕೆ ಹತ್ತೊಂಬತ್ತು ಸಾವಿರ ಬ್ಲಾಕು ಖಾಲಿಯಾಗಬೇಕಿತ್ತು. ಆಗಿದ್ದು ಸಾವಿರದಷ್ಟು. ನಾನೇ ಓದಿದ್ದು ತಪ್ಪಿರಬೇಕು ಎಂದು ಮತ್ತೊಮ್ಮೆ ಕೊಟ್ಟೆ. ಅದೇ ಸಂಖ್ಯೆ. ನಕ್ಷೆ ತೆಗೆದೆ. ಅವಳ ಸಾಲು ಹೋಗಿತ್ತು. ಉಳಿದವರೆಲ್ಲ ಇದ್ದಲ್ಲೇ ಇದ್ದರು. ನನ್ನ ಹೆಸರಿನ ಮುಂದೆ ಮಾತ್ರ ನಕ್ಷತ್ರಗಳು ಪುಟದ ನಡುವಿನ ತನಕ ಹೋಗಿದ್ದವು. ಶನಿವಾರ ಹನ್ನೊಂದು ಇದ್ದದ್ದು ನಲವತ್ತೇಳಾಗಿತ್ತು. ನಡುವೆ ನಾನು ಮೆಷಿನ್ ಮುಟ್ಟಿಯೇ ಇರಲಿಲ್ಲ.

ಆಗ ಪೂರ್ತಿ ವಿವರ ಬರುವ ಹಾಗೆ ಹೊಡೆದೆ ಎಲ್‌ಎಸ್. ನನ್ನ ಡೈರೆಕ್ಟರಿಯಲ್ಲಿ ಒಂದೇ ಒಂದು ದೊಡ್ಡ ಫೈಲು, ಒಂಬತ್ತು ಮೆಗಾಬೈಟಿನದು. ಎಲ್ಲ ಕಾಲೇಜಿನ ಎಲ್ಲ ವಿದ್ಯಾರ್ಥಿಗಳ ಹೆಸರಿದ್ದ ಮಾಸ್ಟರ್ ಫೈಲು. ಅದರ ಸಾಲಿನ ಎರಡನೆಯ ಅಂಕಣದಲ್ಲಿ, ಎಂದರೆ ಆ ಫೈಲಿಗೆ ಎಷ್ಟು ಕಡೆ ಹೆಸರಿದೆ ಎಂದು ತೋರಿಸುವಲ್ಲಿ, ನಾಲ್ಕು ಎಂದಿತ್ತು. ಅದನ್ನು ಕಂಡೊಡನೆ ನನಗೆ ಎಲ್ಲ ಅರ್ಥವಾಯಿತು. ಕುರ್ಚಿಯಲ್ಲಿ ಹಾಗೆಯೇ ಹಿಂದಕ್ಕೆ ಒರಗಿದೆ.

ಮಾಸ್ಟರ್ ಫೈಲು ಎಲ್ಲ ಆಪರೇಟರುಗಳಿಗೂ ಬೇಕಿತ್ತು. ಒಬ್ಬೊಬ್ಬರಿಗೆ ಒಂದು ಪ್ರತಿ ಕೊಟ್ಟರೆ ಡಿಸ್ಕೇ ಮುಗಿಯುತ್ತದೆ. ಅದಕ್ಕಾಗಿ ನಾನು ಪ್ರತಿ ಮಾಡದೆ ಲಿಂಕ್ ಹಾಕಿ ಕೊಟ್ಟಿದ್ದೆ. ಫೈಲು ಒಂದೇ, ಹೆಸರು ಹಲವರ ಡೈರೆಕ್ಟರಿಯಲ್ಲಿ. ಒಂದು ಬಾವಿಗೆ ನಾಲ್ಕು ಮನೆಯ ಅಂಗಳದಿಂದ ದಾರಿ ಇದ್ದ ಹಾಗೆ. ಅವಳು ಸೇರಿದ ವಾರ ಅವಳಿಗೂ ಒಂದು ಲಿಂಕ್ ಹಾಕಿಕೊಟ್ಟದ್ದು ನಾನೇ. ಇಂಥ ಫೈಲನ್ನು ಡಿಯು ಒಂದೇ ಸಲ ಎಣಿಸುತ್ತದೆ, ಅದು ಸರಿಯೇ. ಆದರೆ ಎಣಿಸುವುದು ದಾರಿಯಲ್ಲಿ ಮೊದಲು ಸಿಕ್ಕಿದ ಡೈರೆಕ್ಟರಿಯ ಲೆಕ್ಕಕ್ಕೆ. ಮೊದಲು ಸಿಕ್ಕುವುದು ಯಾರದು? ಗಲ್ಫಿಗೆ ಹೋದವರದು ಸೆಂಟರಿನಲ್ಲಿ ಮೊಟ್ಟಮೊದಲು ಮಾಡಿದ ಡೈರೆಕ್ಟರಿ. ಅವರು ಹೋದಾಗ ಅದನ್ನು ಅಳಿಸಿದೆ. ಪಟ್ಟಿಯ ತಲೆಯಲ್ಲಿ ಒಂದು ಜಾಗ ಖಾಲಿಯಾಯಿತು. ಹೊಸಬರು ಬಂದರೆ ಮೆಷಿನ್ ಮೊದಲ ಖಾಲಿ ಜಾಗವನ್ನೇ ಕೊಡುತ್ತದೆ. ಎಲ್ಲರಿಗಿಂತ ಕೊನೆಗೆ ಬಂದ ಹುಡುಗಿ ಹೀಗೆ ಎಲ್ಲರಿಗಿಂತ ಮೊದಲು ಕೂತಳು. ಅವಳ ಹಿಂದೆ ಎರಡನೆಯವನು ನಾನು. ಅವಳನ್ನು ತೆಗೆದ ಮೇಲೆ ಆ ಮೂವತ್ತಾರು ನಕ್ಷತ್ರ ನನ್ನ ತಲೆಗೆ ಬಂದವು. ಮೂವತ್ತೆಂಟರಲ್ಲಿ ಅವಳದ್ದು ಎಂದು ನಿಜವಾಗಿ ಇದ್ದದ್ದು ಎರಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆವು, ಕಬ್ಬಿಣ ಕಾಯಿಸಿಕೊಟ್ಟವನು ನಾನು.

ಆ ದಿನ ನಾನು ಯಾರಿಗೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಆಕ್ ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಿ ನನ್ನ ನಕ್ಷತ್ರಗಳನ್ನು ಹನ್ನೊಂದಕ್ಕೆ ಇಳಿಸಿ ಬೋರ್ಡಿಗೆ ಹಾಕಿದೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಸಂಭವವೂ ಇರಲಿಲ್ಲ, ಆ ಮೆಷಿನ್ನಿನ ಹೊಟ್ಟೆಯೊಳಗೆ ನೋಡುವವನು ಇಡೀ ಕಟ್ಟಡದಲ್ಲಿ ನಾನೊಬ್ಬನೇ. ಹಿರಿಯ ಆಪರೇಟರ್ ಮಾತ್ರ ಬೋರ್ಡಿನ ಮುಂದೆ ನಿಂತು, "ಪಾಪ, ಹುಡುಗಿ ಹೋದ ಮೇಲೂ ಡಿಸ್ಕ್ ತುಂಬುವುದು ತುಂಬ್ತಾ ಉಂಟಲ್ಲ ಮಾರಾಯ್ರೆ," ಎಂದರು. ಸುಮ್ಮನೆ ಹೇಳಿದ ಮಾತು. ಅವತ್ತು ನಾನು ಆ ಬೋರ್ಡಿನ ಮುಂದೆ ಮತ್ತೆ ಹಾದುಹೋಗಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಬದಲಿಸಿದ್ದ ಸಾಲನ್ನು ತೆಗೆದು, ನಕ್ಷೆಯನ್ನು ಇದ್ದ ಹಾಗೆಯೇ ಪ್ರಿಂಟ್ ಮಾಡಿ ಬೋರ್ಡಿಗೆ ಹಾಕಿದೆ. ಆಮೇಲೆ ಮ್ಯಾನೇಜರ ಕೋಣೆಗೆ ಹೋಗಿ ಇದ್ದದ್ದೆಲ್ಲ ಹೇಳಿದೆ. ಅವರು ಕೇಳಿ, ಎದ್ದು ಕೋಣೆಯ ಬಾಗಿಲು ಹಾಕಿದರು.

"ಬಿಡು ಮಾರಾಯ. ಪ್ರೋಗ್ರಾಮ್ ಸರಿ ಮಾಡಿ ಸುಮ್ಮನಿರು. ಸೆಂಟರಿನ ಚೇರ್‌ಮನ್ನರಿಗೆ ಅವಳನ್ನು ಕಳಿಸಿದ್ದು ಹೇಳಿ ಆಗಿದೆ. ಈಗ ಮೆಷಿನ್ ತಪ್ಪಿತು ಹೇಳಿದ್ರೆ, ನಾವು ಕೊಟ್ಟ ಮಾರ್ಕ್ಸ್ ಎಲ್ಲ ಸರಿ ಉಂಟಾ ಹೇಳಿ ಕೇಳ್ತಾರೆ. ಎಂತ ಹೇಳ್ತಿ ಆಗ?"

"ಮೆಷಿನ್ ತಪ್ಪಲಿಲ್ಲ ಸರ್. ನಾನು ತಪ್ಪಿದ್ದು."

"ಅವಳಿಗೆ ಬೇರೆ ಕಡೆ ಕೆಲಸ ಸಿಗ್ತದೆ. ಸಣ್ಣ ಪ್ರಾಯ."

"ಸರ್, ಇವತ್ತಿನ ನಕ್ಷೆ ಬೋರ್ಡಿನಲ್ಲಿ ಉಂಟು. ನನ್ನ ಸಾಲು ನಲವತ್ತೇಳು. ಮೂವತ್ತೆಂಟಕ್ಕೆ ಅವಳನ್ನು ಕಳಿಸಿದ್ದಾದ್ರೆ ನನ್ನನ್ನೂ ಕಳಿಸ್ಬೇಕಾಗ್ತದೆ."

ಇದನ್ನು ಓದುವವರು ಧೈರ್ಯ ಎಂದುಕೊಳ್ಳಬಾರದು. ಪರೀಕ್ಷೆಯ ಕಾಲದಲ್ಲಿ ನನ್ನನ್ನು ಕಳಿಸಿದರೆ ಒಂದು ಅಂಕಪಟ್ಟಿಯೂ ಹೊರಗೆ ಹೋಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಎದ್ದು ಹಾಲಿಗೆ ಹೋಗಿ ಬೋರ್ಡು ನೋಡಿ ಬಂದರು. ಮುಖ ಕೆಂಪಾಗಿತ್ತು. ಕೊನೆಗೆ, "ಕರಕೊಂಡು ಬಾ. ಆದ್ರೆ ಐದು ದಿನ ಬರ್ಲಿಲ್ಲ ಅಲ್ವಾ, ಅದಕ್ಕೆ ಒಂದು ಕ್ಷಮಾಪಣೆ ಪತ್ರ ಬರೆದು ಕೊಡ್ಲಿ. ಫೈಲಿಗೆ ಬೇಕು," ಎಂದರು. ಬರಬೇಡ ಎಂದವರು ಅವರೇ.

ಅವಳ ಮನೆ ನಂತೂರಿನಿಂದ ಸ್ವಲ್ಪ ಮುಂದೆ. ಹೆದ್ದಾರಿಯ ಲಾರಿಗಳ ಧೂಳು ದಾಟಿ ಒಂದು ಕಾಲುದಾರಿಯಲ್ಲಿ ಕೆಳಗೆ ಇಳಿಯಬೇಕು. ಮಧ್ಯಾಹ್ನ ಮೂರರ ಬಿಸಿಲು. ಜಗಲಿಯಲ್ಲಿ ತಾಯಿ, ಮಗಳು ಎದುರೆದುರು ಕೂತಿದ್ದರು, ಇಬ್ಬರ ತೊಡೆಯ ಮೇಲೂ ಎಲೆ, ಹೊಗೆಸೊಪ್ಪು, ದಾರ ಇದ್ದ ತಡ್ಪೆ, ಎಂದರೆ ಮೊರ. ಐದು ದಿನಕ್ಕೆ ಅವಳ ಬೆರಳ ತುದಿ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ತಾಯಿ "ಬಲೆ, ಕುಲ್ಲುಲೆ," ಬನ್ನಿ, ಕೂತುಕೊಳ್ಳಿ ಎಂದು ತುಳುವಿನಲ್ಲಿ ಹೇಳಿ ಚಾಪೆ ಎಳೆದು, ಬೆಲ್ಲ ನೀರು ತರಲು ಒಳಗೆ ಹೋದರು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು.

ನಾನು ಅವಳ ಸಾಲಿದ್ದ ಹಳೆಯ ನಕ್ಷೆ, ಇವತ್ತಿನ ನಕ್ಷೆ ಎರಡನ್ನೂ ಚಾಪೆಯ ಮೇಲೆ ಹರಡಿ ವಿವರಿಸಲು ಶುರುಮಾಡಿದೆ. ಲಿಂಕು, ಖಾಲಿ ಜಾಗ, ಎಣಿಕೆ. ಅವಳು ತಡೆದಳು.

"ನನಗೆ ಗೊತ್ತುಂಟು ಸರ್. ಎಲ್‌ಎಸ್ ಕೊಟ್ಟು ನೋಡಿದ್ದೆ. ಆ ಫೈಲಿನ ಎದುರು ಐದು ಹೇಳಿ ಇತ್ತು. ಐದು ಜನರದ್ದು ಆಗಿರ್ಬೇಕು ಹೇಳಿ ಅಂದಾಜಾಯ್ತು. ಅದನ್ನೇ ಹೇಳ್ಲಿಕ್ಕೆ ಹೊರಟದ್ದು ಅವತ್ತು. ಅವರು ಬಾಯಿ ಮುಚ್ಚಿಸಿದ್ರು, ಸರಿ. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ. ನೀವು?"

ನಾನು ಹರಡಿದ್ದ ನಕ್ಷೆಗಳನ್ನು ಮಡಚತೊಡಗಿದೆ.

"ಮೂರು ವಾರ ಬೋರ್ಡಿನಲ್ಲಿ ನನ್ನ ಹೆಸರಿತ್ತು. ನಾನು ನಿಮ್ಮ ಪಕ್ಕದ ಮೇಜಿನಲ್ಲೇ ಇದ್ದದ್ದಲ್ವಾ? ಎಂತ ಉಂಟು ನಿನ್ನ ಹತ್ರ ಹೇಳಿ ಒಂದು ಮಾತು ಕೇಳ್ಬಹುದಿತ್ತು ಸರ್."

"ತಪ್ಪಾಯ್ತು," ಎಂದೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳ ಮುಂದೆ ನಾನು ಅಷ್ಟು ಸಣ್ಣವನಾದದ್ದು ಆ ಮೊದಲು ಇಲ್ಲ, ಆಮೇಲೂ ಇಲ್ಲ.

ಕ್ಷಮಾಪಣೆ ಪತ್ರದ ಮಾತು ಎತ್ತಿದಾಗ ಅವಳು ಕೈಯಲ್ಲಿದ್ದ ಬೀಡಿಯ ತುದಿ ಮಡಚಿ ಕೆಳಗಿಟ್ಟಳು. "ನಾನು ಎಂತ ಹೇಳಿ ಬರೆಯುವುದು ಸರ್?"

"ನೀವು ಬರೆಯುವುದು ಬೇಡ. ನಾನು ಬರೀತೇನೆ."

ಮರುದಿನ ಅವಳು ಬಂದಳು. ಅವಳ ಟರ್ಮಿನಲ್ಲಿನ ಮುಂದೆಯೇ ಕೂತು ನಾನು ಪತ್ರ ಹೊಡೆದೆ. ಐದು ದಿನದ ಗೈರುಹಾಜರಿಗೆ ಕಾರಣ ಕೆಳಗೆ ಸಹಿ ಮಾಡಿದವನ ಪ್ರೋಗ್ರಾಮು, ಅದನ್ನು ಪರೀಕ್ಷಿಸದೆ ಬೋರ್ಡಿಗೆ ಕೊಟ್ಟದ್ದು ಅವನ ತಪ್ಪು, ಕ್ಷಮೆ ಕೇಳುವವನು ಅವನು. ಅವಳು ಹಿಂದೆ ನಿಂತು ಓದಿ, ಎರಡು ಕಡೆ ಅಕ್ಷರ ತಪ್ಪಿದೆ ಎಂದು ತೋರಿಸಿದಳು. ತಿದ್ದಿ ಸಹಿ ಹಾಕಿದೆ. ಹಾಲಿನ ಎಲ್ಲರ ಮುಂದೆ ಓದಿ ಹೇಳಿದೆ. ಯಾರೂ ತಮಾಷೆ ಮಾಡಲಿಲ್ಲ. ಮ್ಯಾನೇಜರ್ ಅದನ್ನು ಫೈಲಿಗೆ ಸೇರಿಸಿದರು. ಹಳೆಯ ವರ್ಷದ ಹೆಸರುಗಳನ್ನೆಲ್ಲ ಮಾಸ್ಟರಿನಿಂದ ಟೇಪಿಗೆ ಇಳಿಸಿದ ಮೇಲೆ ಡಿಸ್ಕಿಗೂ ಸ್ವಲ್ಪ ಉಸಿರು ಬಂತು. ನಕ್ಷೆಯಲ್ಲಿ ಲಿಂಕ್ ಇದ್ದ ಫೈಲುಗಳಿಗೆ ‘ಎಲ್ಲರದು’ ಎಂದು ಬೇರೆಯೇ ಒಂದು ಸಾಲು ಹಾಕಿದೆ. ಟೇಪಿನಿಂದ ಮರಳಿ ಹಾಕಿದ ಅವಳ ಡೈರೆಕ್ಟರಿಯ ಸಾಲು ಎರಡು ನಕ್ಷತ್ರಕ್ಕೆ ಬಂತು.

ತಿಂಗಳ ಕೊನೆಗೆ ಖಾಯಂ ಪತ್ರವೂ ಬಂತು. ತಡವಾಗಲಿಲ್ಲ, ಆ ಐದು ದಿನವನ್ನು ಕಡಿಯಲೂ ಇಲ್ಲ. ನಾನು ಅದನ್ನು ನನ್ನದೇ ಪತ್ರವೆಂಬಂತೆ ಓದಿದೆ. ಸಂಜೆ ಅವಳು ಹೊರಡುವಾಗ, ಇಷ್ಟು ದಿನ ಕೇಳದ್ದನ್ನೆಲ್ಲ ಒಂದೇ ಸಲಕ್ಕೆ ತೀರಿಸುವವನ ಹಾಗೆ ಕೇಳಿದೆ, "ಇನ್ನು ಅಮ್ಮ ಬೀಡಿ ಕಟ್ಟುವುದು ಬಿಡ್ತಾರಲ್ಲ?"

"ಇಲ್ಲ ಸರ್." ಅವಳು ಪತ್ರವನ್ನು ಚೀಲದೊಳಗೆ ಇಡುತ್ತಿದ್ದಳು. "ಬೀಡಿ ಬ್ರಾಂಚಿಗೆ ಲೆಕ್ಕದ ಪುಸ್ತಕ ವಾಪಸ್ ಕೊಡ್ತೇನೆ ಹೇಳಿ ತಯಾರಾಗಿದ್ರು, ಹೋದ ತಿಂಗಳು. ಈಗ ಬೇಡ ಹೇಳ್ತಾರೆ. ‘ಪರ್ಮನೆಂಟ್ ಆಗ್ತದಲ್ಲಮ್ಮ, ಇನ್ನೆಂತ ಹೆದರಿಕೆ?’ ಹೇಳಿ ನಾನು ಕೇಳಿದೆ. ‘ಅವತ್ತು ನೀನು ತಪ್ಪು ಮಾಡಿದ್ದಕ್ಕೆ ಕಳಿಸಿದ್ದಾ? ಇನ್ನೊಮ್ಮೆ ಕಳಿಸುವುದಿಲ್ಲ ಹೇಳಿ ಎಂತ ಗ್ಯಾರಂಟಿ?’ ಹೇಳಿ ಕೇಳಿದ್ರು."

ಅವಳು ಮೆಟ್ಟಿಲಿಳಿದು ಬಸ್ಸಿಗೆ ಹೋದಳು. ನಾನು ಕುರ್ಚಿ ಎಳೆದು ಕೂತೆ. ಮನೆಗೆ ಹೋಗುವ ಹೊತ್ತಾಗಿತ್ತು, ಏಳಲು ಮನಸ್ಸಾಗಲಿಲ್ಲ.